ಬಾವಿಗೆ ಬೀಳದವಳು

ಕಳೆದ ವಾರ ರಾಯಚೂರಿನ ಮಾವಿನ ಕೆರೆಯ ಓಣಿಯಿಂದ ಒಬ್ಬ ಹೆಣ್ಣುಮಗಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಒಳಗೆ ಬಾ ಎಂದರೂ ಬರದೆ ಹೊಸ್ತಿಲಲ್ಲೇ ನಿಂತು, "ಮಾಸ್ತರ, ಅಕ್ಕ ಹೋದಳ್ರಿ. ನಿಮಗ ಹೇಳಬೇಕಂತ ಮೊದಲ ಹೇಳಿಟ್ಟಿದ್ಲು" ಎಂದಳು.

"ಏನಂತ ಹೇಳಿದ್ದಳು?"

ಆ ಹೆಣ್ಣುಮಗಳು ಸ್ವಲ್ಪ ಅಳುಕಿದಳು. "ಮಾಸ್ತರು ನನ್ನ ಒಮ್ಮಿ ಕೊಂದಿದ್ರು, ಆವಾಗ ನಾ ಸತ್ತಿರಲಿಲ್ಲ, ಈಗ ಖರೇ ಸತ್ತಾಳ ಅಂತ ಹೇಳು ಅಂದಿದ್ಲುರಿ. ನನಗೇನೂ ತಿಳೀಲಿಲ್ಲ."

ಅವಳಿಗೆ ತಿಳಿಯದಿದ್ದದ್ದು ನನಗೆ ತಿಳಿಯಿತು. ಮೊದಲು ನಗು ಬಂತು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ನಲವತ್ತರ ದಶಕದ ಕೊನೆಯಲ್ಲಿ, ಊರಿನ ದೊಡ್ಡವರೆಲ್ಲ ಕೂತ ಸಭೆಯ ಎದುರಿಗೆ ನಾನು ಆಕೆಯನ್ನು ಕೊಂದದ್ದು ನಿಜ. ಅದಕ್ಕೆ ನನ್ನ ಕೊರಳಿಗೆ ಹಾರವನ್ನೂ ಹಾಕಿದ್ದರು.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ನಾಟಕದ ಕರಪತ್ರದಲ್ಲಿ ಹೆಸರು ಹಾಕಲೇ ಎಂದು ಕೇಳಿದ್ದೆ. "ನನ್ನ ಹೆಸರು ಕರಿಯೋರಿಗಿ ಅದರಿ, ಓದೋರಿಗಿ ಅಲ್ಲ" ಎಂದುಬಿಟ್ಟಿದ್ದಳು. ಊರಿನವರಿಗೆ ಆಕೆ ಅಗಸರಾಕಿ. ನಮ್ಮ ನಾಟಕದ ತಂಡಕ್ಕೆ ಮೊದಮೊದಲು "ಏನಬೇ, ಬಟ್ಟಿ ತಂದೀಯೇನು" ಎಂದು ಏಕವಚನದಲ್ಲಿ ಕೂಗಿದರೆ ಸಾಕಾಗಿತ್ತು. ಅಕ್ಕ ಆದದ್ದು ಆಮೇಲೆ.

ಎತ್ತರದ ಹೆಂಗಸು. ಒದ್ದೆ ಧೋತರದ ಎರಡು ತುದಿ ಹಿಡಿದು ಗಾಳಿಗೆ ಒಮ್ಮೆ ಜಾಡಿಸಿದರೆ ಕೆರೆಯ ಆಚೆ ದಂಡೆಯ ಕೊಕ್ಕರೆಗಳು ಏಳುತ್ತಿದ್ದವು. ಎರಡೂ ತೋಳುಗಳ ಮೇಲೆ, ಕೊರಳ ಸುತ್ತ, ಒಂದು ಕೆನ್ನೆಯ ಮೇಲೆ ಕಪ್ಪು ಕಲೆಗಳು. ಸಿಡುಬು ಬಂದು ಹೋದ ಕಲೆಗಳೆಂದು ಎಲ್ಲರೂ ತಿಳಿದಿದ್ದರು, ನಾನೂ ಹಾಗೆಯೇ ತಿಳಿದಿದ್ದೆ. ಮಾತು ಕಡಿಮೆ. ಆಡಿದರೆ ಬಟ್ಟೆಯ ಮೂಲಕವೇ ಆಡುತ್ತಿದ್ದಳು. ನಮ್ಮ ಸಂಘದ ಅಧ್ಯಕ್ಷರಾಗಿದ್ದ ವಕೀಲರ ಬಗ್ಗೆ ಒಮ್ಮೆ, "ಕೋಟು ಹೊರಗಿಂದ ಬಾಳ ಸ್ವಚ್ಛ ಅದರಿ. ಒಳಗಿನ ಕಾಲರ್ ನಾ ನೋಡೀನಿ" ಎಂದಳು. ನನ್ನ ಅಂಗಿ ಕೊಡುವಾಗ, "ನಿಮ್ಮ ತೋಳಿನ ತುಂಬ ಶಾಯಿ ಅದ ಮಾಸ್ತರ. ಬೆವರು ಒಂದೀಟೂ ಇಲ್ಲ" ಎಂದಳು. ಹೊಗಳಿದಳೋ ಬೈದಳೋ ಆಗ ಗೊತ್ತಾಗಲಿಲ್ಲ.

ನನಗೆ ಆಗ ಇಪ್ಪತ್ತನಾಲ್ಕು ವರ್ಷ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಓದಿ ಮಾಸ್ತರನಾದವನು. ಸಂಸ್ಥಾನ ಮುಗಿದ ಮೇಲೆ ಕನ್ನಡದಲ್ಲಿ ಏನಾದರೂ ದೊಡ್ಡದನ್ನು ಬರೆಯಬೇಕೆಂಬ ಹುಚ್ಚು ಹತ್ತಿತ್ತು. ಮೂವರು ಮಾಸ್ತರರು, ಇಬ್ಬರು ಅಂಗಡಿಯವರು, ರೈಲ್ವೆ ಪಾರ್ಸಲ್ ಆಫೀಸಿನ ನರಸಪ್ಪ ಕೂಡಿ ಒಂದು ನಾಟಕ ಸಂಘ ಕಟ್ಟಿದೆವು. ಹೆಣ್ಣು ಪಾತ್ರಕ್ಕೆ ನರಸಪ್ಪ. ನಾಟಕ ನನ್ನದು. ವಿಷಯ, ಆಗಿನ್ನೂ ಎಲ್ಲರ ಎದೆಯಲ್ಲಿ ಹಸಿಯಾಗಿದ್ದ ಗಲಾಟೆ.

ಆ ಗಲಾಟೆಯನ್ನು ಕಾಣದವರಿಗೆ ಎರಡು ಮಾತು. ಸಂಸ್ಥಾನದ ಕೊನೆಯ ವರ್ಷ ನಮ್ಮ ಕಡೆಯ ಹಳ್ಳಿಗಳಲ್ಲಿ ಬಂದೂಕು ಹಿಡಿದ ಗುಂಪುಗಳು ತಿರುಗುತ್ತಿದ್ದವು. ಸುಲಿದರು, ಮನೆ ಸುಟ್ಟರು, ಹೆಂಗಸರನ್ನು ಹೊತ್ತೊಯ್ದು ಕೂಡಿಹಾಕಿದರು. ಭಾರತದ ಫೌಜು ಬಂದು ಆ ರಾಜ್ಯ ಮುಗಿದ ಮೇಲೆ ಸೇಡಿನ ಸರದಿ ಬಂತು. ಆಗ ಸುಟ್ಟ ಮನೆಗಳು ಬೇರೆಯವರವು, ಅತ್ತ ಹೆಂಗಸರೂ ಬೇರೆಯವರು. ಸೆರೆಯಾಗಿ ಬದುಕಿ ಬಂದ ಒಬ್ಬಳನ್ನೂ ನಾನು ಕಂಡು ಮಾತಾಡಿಸಿರಲಿಲ್ಲ. ಖಾನಾವಳಿಯಲ್ಲಿ ಕೇಳಿದ್ದನ್ನು, ಪತ್ರಿಕೆಯಲ್ಲಿ ಓದಿದ್ದನ್ನು ಸೇರಿಸಿ ಐದು ಅಂಕ ಬರೆದು, 'ಶೀಲವತಿಯ ಬಲಿ' ಎಂದು ಹೆಸರಿಟ್ಟೆ. ಕೊನೆಯ ಅಂಕದಲ್ಲಿ, ಬೇರೆ ಹೆಂಗಸರ ಜೊತೆ ಸೆರೆಯಲ್ಲಿದ್ದ ನಾಯಕಿ ಸುಶೀಲೆ ಬಾವಿಗೆ ಹಾರುತ್ತಿದ್ದಳು.

ಶಾಲೆ ಬಿಟ್ಟ ಮೇಲೆ ಶಾಲೆಯಲ್ಲೇ ತಾಲೀಮು. ಒಂದು ದಿನ ಆಕೆ ವೇಷದ ಸೀರೆಗಳ ಗಂಟು ಹೊತ್ತು ಬಂದಾಗ ಆ ಅಂಕವೇ ನಡೆದಿತ್ತು. ನರಸಪ್ಪ ಎದೆ ಬಡಿದುಕೊಂಡು, "ಹಾ ವಿಧಿಯೇ! ಕಳಂಕಿತ ಕಾಯವ ಹೊತ್ತು ಪತಿಗೃಹಕೆ ಎಂತು ಮರಳಲಿ!" ಎಂದು ಕೂಗಿ, ಬೆಂಚು ಜೋಡಿಸಿ ಮಾಡಿದ ಬಾವಿಯೊಳಗೆ ಹಾರಿದ. ಆಕೆ ಗಂಟು ಕೆಳಗಿಟ್ಟಳು.

"ಯಾಕ ಬಿದ್ಲುರಿ ಆಕಿ?"

"ಮಾನ ಉಳಿಸ್ಕೊಳ್ಳಾಕ" ಎಂದೆ.

"ನಾ ಕಾಲು ಜಾರಿತೇನೋ ಅನ್ಕೊಂಡೆ. ಆಕಿ ಜೋಡಿ ಒಳಗ ಇನ್ನೂ ಹೆಣ್ಮಕ್ಕಳು ಅದಾರಲ್ರಿ. ಈಕಿ ಬಿದ್ರ ಅವರಿಗಿ ನೀರು ಕೊಡಾಕಿ ಯಾರು?"

ನರಸಪ್ಪ ಬೆಂಚುಗಳ ನಡುವಿನಿಂದ ತಲೆ ಎತ್ತಿದ. "ಇದು ನಾಟಕ ಬೇ. ನಿನಗ ತಿಳಿಯಂಗಿಲ್ಲ."

"ನಾಟಕ ತಿಳಿಯಂಗಿಲ್ಲ ಯಪ್ಪಾ. ಆದರ ನಾ ಅಲ್ಲಿದ್ದೆ" ಎಂದಳು.

ಹಾರ್ಮೋನಿಯಂ ಹಿಡಿದಿದ್ದ ಮಾಸ್ತರರ ಕೈ ಹಾಗೆಯೇ ನಿಂತಿತು. ಕೂಡ್ರು ಎಂದೆ. ಕೂಡಲಿಲ್ಲ. ಗೋಡೆಗೆ ಒರಗಿ ನಿಂತೇ ಹೇಳಿದಳು, ಅವತ್ತು ಸ್ವಲ್ಪ, ಮರುದಿನ ಸ್ವಲ್ಪ.

ಗಂಡನ ಮನೆ ದೇವದುರ್ಗ. ಅಲ್ಲೇ ಹತ್ತಿರದ ಜಾಲಹಳ್ಳಿ ಕಡೆಯ ತವರಿಗೆ ಹೊರಟಿದ್ದಾಗ ದಾರಿಯಲ್ಲಿ ಹಿಡಿದರು. ಒಂದು ಹಾಳುಬಿದ್ದ ವಾಡೆ, ಅಂದರೆ ಹಿಂದಿನ ಜಹಗೀರುದಾರರ ಕೋಟೆಯಂಥ ಮನೆ. ಅದರ ಒಳಗಿನ ಕೋಣೆಯಲ್ಲಿ ಒಂಬತ್ತು ಹೆಂಗಸರು. ಅವರೊಳಗೆ ಮಾಬುಬಿ ಎಂಬ ಮುಸಲ್ಮಾನರ ಹೆಣ್ಣುಮಗಳು ಒಬ್ಬಳು. ಅವಳ ಗಂಡ ಹತ್ತಿಯ ಕೋಣೆಯಲ್ಲಿ ನೆರೆಮನೆಯ ಎರಡು ಸಂಸಾರಗಳನ್ನು ಬಚ್ಚಿಟ್ಟಿದ್ದಕ್ಕೆ ಅವಳನ್ನು ಎಳೆದುತಂದಿದ್ದರು. ಹಗಲೆಲ್ಲ ಗುಂಪಿನವರ ರೊಟ್ಟಿಗೆ ಇವರು ಜೋಳ ಬೀಸಬೇಕು.

"ಮೊದಲ ಮೂರು ದಿನದ್ದು ಕೇಳಬ್ಯಾಡ್ರಿ" ಎಂದಳು. "ನಾಟಕದಾಗೂ ತೋರಿಸಬ್ಯಾಡ್ರಿ. ಅದು ನಮ್ಮದು. ನಾಕನೇ ದಿನದಿಂದ ಹೇಳ್ತೀನಿ."

ನಾಲ್ಕನೇ ದಿನ ಆಕೆಗೆ ತನ್ನ ಎಲೆಅಡಿಕೆಯ ಸಂಚಿಯಲ್ಲಿದ್ದ ಕೇರುಬೀಜಗಳ ನೆನಪಾಯಿತು. ಅಗಸರು ಬಟ್ಟೆಗೆ ಗುರುತು ಹಾಕುವುದು ಅದರ ಕರಿಯ ರಸದಿಂದ. ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಕೀವು ತುಂಬುತ್ತದೆ, ಬೆಂಕಿ ಇಟ್ಟಂತೆ ಉರಿಯುತ್ತದೆ. ಮುಳ್ಳಿನಿಂದ ಚುಚ್ಚಿ ಮೊದಲು ತನ್ನ ತೋಳು, ಕೊರಳು, ಕೆನ್ನೆಗೆ ಹಚ್ಚಿಕೊಂಡಳು. ಬೊಬ್ಬೆ ಎದ್ದ ಮೇಲೆ ಬಾಗಿಲಿಗೆ ಬಂದು, "ಅಮ್ಮ ಬಂದಾಳ್ರಿ" ಎಂದು ಕೂಗಿದಳು. ಸಿಡುಬೆಂದರೆ ಆಗ ಬಂದೂಕಿಗೂ ಭಯ. ಕಾವಲಿನವರು ಹಿಂದೆ ಸರಿದರು. ಉಳಿದವರೂ ಒಬ್ಬೊಬ್ಬರಾಗಿ ಹಚ್ಚಿಕೊಂಡರು. ಅಂದಿನಿಂದ ಆ ಕೋಣೆಯ ಹೊಸ್ತಿಲು ಯಾವ ಗಂಡಸೂ ದಾಟಲಿಲ್ಲ. ಜೋಳ ಮಾತ್ರ ದೂರದಿಂದ ದೂಡುತ್ತಿದ್ದರು, ತಮಗಲ್ಲ, ಇವರೇ ಬೀಸಿಕೊಂಡು ತಿನ್ನಲಿ ಎಂದು.

"ಉರಿ ತಡಿಯಾಕ ಆಗ್ತಿರಲಿಲ್ಲ. ಹದಿನಾರರ ಹುಡುಗಿ ಒಬ್ಬಾಕಿ ಅಳಾಕತ್ತಿದ್ಲು. ಮಾಬುಬಿ ಆಕಿ ಕೈ ಹಿಡಿದು ಬೀಸುಕಲ್ಲಿನ ಗೂಟದ ಮ್ಯಾಲ ಇಟ್ಲು. 'ರೋ ನಕ್ಕೊ ಮಾ, ಪೀಸ್' ಅಂದ್ಲು. ಅಳಬ್ಯಾಡವ್ವ, ಬೀಸು ಅಂತ."

ಬೀಸುವುದಕ್ಕೆ ಕಾರಣವಿತ್ತು. ಇಬ್ಬರು ಬೀಸುತ್ತಿದ್ದರು, ಉಳಿದವರು ಹಿತ್ತಿಲ ಕಡೆಯ ಮಣ್ಣಿನ ಗೋಡೆ ಕೆದರುತ್ತಿದ್ದರು. ಕಲ್ಲಿನ ಗರಗರದಲ್ಲಿ ಕೆದರುವ ಸದ್ದು ಹೊರಗೆ ಕೇಳುತ್ತಿರಲಿಲ್ಲ. ಎಷ್ಟೋ ದಿನಕ್ಕೆ ಒಬ್ಬಳು ತೂರುವಷ್ಟು ಕಿಂಡಿ ಆಯಿತು. ಮಟಮಟ ಮಧ್ಯಾಹ್ನ, ಕಾವಲಿನವರು ಉಂಡು ಹುಣಸೆ ಮರದ ಕೆಳಗೆ ಮಲಗಿದ್ದಾಗ, ಒಂಬತ್ತು ಜನವೂ ಹೊರಬಿದ್ದರು. ಜಾಲಿಯ ಮುಳ್ಳಿನೊಳಗೆ ಬರಿಗಾಲಲ್ಲಿ ಮೂರು ದಿನ ನಡೆದು ಊರು ಸೇರಿದರು. ದೇವದುರ್ಗದಲ್ಲಿ ಆಕೆಯ ಮಾವ ಬಾಗಿಲು ಹಾಕಿಕೊಂಡ. ಗಂಡ ಒಳಗಿದ್ದ, ಮಾತಾಡಲಿಲ್ಲ. ಒಂದು ವಾರ ಹೊರಗೆ ಕೂತು, ಆಮೇಲೆ ಎದ್ದು ರಾಯಚೂರಿಗೆ ಬಂದು ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯತೊಡಗಿದಳು.

ಅಲ್ಲಿಂದ ನಮ್ಮ ತಾಲೀಮು ಆಕೆಯ ಕೈಗೆ ಹೋಯಿತು. ನರಸಪ್ಪ ಬೀಸುಕಲ್ಲಿನ ಮುಂದೆ ಮೊಣಕಾಲೂರಿ ಕೂತರೆ, "ಪೂಜಿಗಿ ಕುಂತೀರೇನು? ಒಂದು ಕಾಲು ಚಾಚ್ರಿ" ಎನ್ನುವಳು. ಅವನು ಬಿಕ್ಕಳಿಸಿ ಅತ್ತರೆ, "ಹಂಗ ಅಳಾಕ ನಮಗ ಪುರುಸೊತ್ತು ಇರಲಿಲ್ಲ" ಎನ್ನುವಳು. ನನ್ನ ಹಳಗನ್ನಡದ ಸಾಲುಗಳು ಒಂದೊಂದಾಗಿ ಉದುರಿದವು. ದುಷ್ಟರ ವೇಷದವರನ್ನು ನೋಡಿ ಒಂದು ದಿನ ಕೇಳಿದಳು:

"ಎಲ್ಲಾರಿಗೂ ಒಂದ ನಮೂನಿ ಗಡ್ಡ ಯಾಕ ಹಚ್ಚೀರಿ?"

"ಮತ್ತ ಹೆಂಗಿದ್ರು ಅವರು?"

"ಗಡ್ಡದವರೂ ಇದ್ರು. ಕೀಲಿ ಇಟ್ಕೊಂಡಾವ ಮಾತ್ರ ಹಣಿಗಿ ವಿಭೂತಿ ಹಚ್ಚಾಂವ, ನಮ್ಮ ಕಡೇ ಸಾವುಕಾರ. ವಾಡೇ ಅವನ ತಾಬೇದಾಗಿತ್ತು. ಈಗ ಬಿಳಿ ಟೊಪಿಗಿ ಹಾಕ್ಕೊಂಡು ತಿರುಗ್ತಾನ."

ನಾಟಕಕ್ಕೆ ಹೊಸ ಕೊನೆ ಬರೆದೆ. ಹೆಂಗಸರು ಊರಿಗೆ ಬರುತ್ತಾರೆ. ಸುಶೀಲೆ ತನ್ನ ಮನೆಯ ಬಾಗಿಲು ಬಡಿದು, "ನಾ ಬಂದೀನಿ. ಬಾಗಿಲಾ ತೆಗೀರಿ" ಎನ್ನುತ್ತಾಳೆ. ಪರದೆ ಬೀಳುತ್ತದೆ. ಆಕೆ ಪೂರ್ತಿ ಕೇಳಿಸಿಕೊಂಡಳು. ಗಂಟು ಎತ್ತಿಕೊಂಡು ಹೋಗುವಾಗ, "ಈಗ ಕೆಲಸ ಮಾಡೀರಿ" ಎಂದಳು. ಯಾರ ಹೊಗಳಿಕೆಯೂ ನನಗೆ ಅಷ್ಟು ಹಿಗ್ಗು ಕೊಟ್ಟಿಲ್ಲ.

ಆ ಹಿಗ್ಗು ಉಳಿದದ್ದು ನಾಲ್ಕು ದಿನ. ಕೊನೆಯ ತಾಲೀಮು ನೋಡಲು ವಕೀಲರು ಬಂದರು. ನಮ್ಮ ಶಾಲೆಯ ಮಂಡಳಿಯಲ್ಲೂ ಅವರೇ ದೊಡ್ಡವರು. ನಾಟಕ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಏನ್ರಿ ಮಾಸ್ತರ, ಬಾವಿ ಎಲ್ಲಿ ಹೋತು?"

"ತೆಗದೀನ್ರಿ. ಖರೇ ಹಂಗ ಆಗಿಲ್ಲ."

"ಖರೇ ಯಾರಿಗಿ ಬೇಕಾಗ್ಯಾದ? ಬದುಕಿ ಬಂದಾಕಿನ್ನ ಕಂಡು ಜನ ಯಾಕ ಅಳ್ತಾರ? ಸತ್ರ ದೇವಿ, ಬದುಕಿದ್ರ ತಲಿನೋವು. ಊರಾಗ ಎಷ್ಟು ಮನ್ಯಾಗ ಈ ತಲಿನೋವು ಅದ ನಿಮಗ ಗೊತ್ತೇನು? ಅವರ ಮುಂದ ಹೋಗಿ ಬಾಗಿಲಾ ತೆಗೀರಿ ಅಂತೀರೇನು?" ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, "ನೀವಿನ್ನೂ ಸಣ್ಣವರು. ನೌಕರಿ ಕಾಯಂ ಆಗೋದದ" ಎಂದರು.

ನಾನು ಬಾವಿಯನ್ನು ಮತ್ತೆ ಇಟ್ಟೆ. ಎರಡು ಮಾತಿನಲ್ಲಿ ಮುಗಿದ ಸಂಗತಿ ಇದು. ಇಷ್ಟು ವರ್ಷವಾದರೂ ಇದನ್ನು ಬೇರೆ ರೀತಿ ಹೇಳಲು ನನಗೆ ಬಂದಿಲ್ಲ.

ರಾಯಚೂರಿನ ಆಟ ಹಗಲಲ್ಲೇ ನಡೆಯಿತು. ಕತ್ತಲಾದ ಮೇಲೆ ಜನ ಸೇರುವುದಕ್ಕೆ ಆಗಿನ್ನೂ ಪರವಾನಗಿ ಇರಲಿಲ್ಲ. ನರಸಪ್ಪ ಬಾವಿಗೆ ಹಾರಿದಾಗ ಹೆಂಗಸರ ಕಡೆಯಿಂದ ಅಳುವಿನ ಸದ್ದು ಎದ್ದಿತು. ಗಂಡಸರು ಎದ್ದುನಿಂತು ಚಪ್ಪಾಳೆ ತಟ್ಟಿದರು. ವಕೀಲರು ನನಗೆ ಹಾರ ಹಾಕಿದರು. ಹಾರದೊಳಗಿಂದಲೇ ನಾನು ರಂಗದ ಹಿಂದೆ ಕಣ್ಣಾಡಿಸಿದೆ. ಸೀರೆಗಳು ಮಡಚಿದ್ದವು. ಆಕೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಕೆರೆಗೆ ಹೋದೆ. ಬಟ್ಟೆ ಬಡಿಯುತ್ತಿದ್ದ ಆಕೆ ನನ್ನನ್ನು ಕಂಡೂ ನಿಲ್ಲಿಸಲಿಲ್ಲ.

"ನನ್ನ ಕೊಂದ್ರಿ ಮಾಸ್ತರ. ಚಪ್ಪಾಳಿ ಚೆಂದ ಬಿದ್ದವು."

"ಹಂಗಲ್ಲ, ಅದು ನಾಟಕ ಅಷ್ಟ..."

ಆಕೆ ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟಳು. "ಒಂಬತ್ತು ಮಂದಿ ಹೋಗಿದ್ದಿವಿ. ಒಂಬತ್ತು ಮಂದಿನೂ ಜೀವಂತ ಬಂದಿವಿ. ಅಲ್ಲಿ ಒಬ್ಬಾಕಿನೂ ಸಾಯಲಿಲ್ಲ. ಮನಿಗಿ ಬಂದ ಮ್ಯಾಲ ಇಬ್ಬರು ಬಾವಿಗಿ ಬಿದ್ರು. ಇದನ್ನ ನಿಮಗ ಹೇಳಿರಲಿಲ್ಲ. ಬಂದೂಕಿನವರು ಕೊಲ್ಲಲಿಲ್ಲ ಅವರನ್ನ. ಮನ್ಯಾಗ, ಓಣ್ಯಾಗ, ನೀರಿಗಿ ಹೋದಲ್ಲಿ ದಿನಾ ಒಂದ ಮಾತು: ಮಾನ ಇದ್ದಾಕಿ ಆಗಿದ್ರ ಅಲ್ಲೇ ಸಾಯ್ತಿದ್ಲು. ನಿನ್ನಿ ನೀವೂ ಅದನ್ನ ಅಂದ್ರಿ, ಬಣ್ಣ ಹಚ್ಚಿ, ಪದಾ ಹಾಡಿ."

ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು.

"ಇನ್ನ ಏಳು ಮಂದಿ ಅದೀವಿ. ನಮ್ಮಂಥೋರು ಬ್ಯಾರ್ಯಾವ ಊರಾಗೂ ಅದಾರ. ನಿಮ್ಮ ಆಟ ಮಾನ್ವಿಗಿ ಹೋಗ್ತದ, ದೇವದುರ್ಗಕ್ಕ ಹೋಗ್ತದ. ನೋಡಿದಾಕಿ ಒಬ್ಬಾಕಿ ಮನಿಗಿ ಹೋಗಿ ಬಾವ್ಯಾಗ ಇಣುಕಿದ್ರ, ಆ ಹೆಣ ಯಾರು ಹೊರತೀರಿ? ವಕೀಲರೋ, ನೀವೋ?"

ಮತ್ತೆ ಬಟ್ಟೆ ಎತ್ತಿಕೊಂಡು ಬಡಿಯತೊಡಗಿದಳು. ನಾನು ಅಲ್ಲಿಂದ ನೇರ ನರಸಪ್ಪನ ಹತ್ತಿರ ಹೋಗಿ, ಮಾನ್ವಿಯಲ್ಲಿ ಬಾವಿ ಇರುವುದಿಲ್ಲ, ವಕೀಲರಿಗೆ ಹೇಳುವುದೂ ಇಲ್ಲ ಎಂದೆ. ಅವನು ಮೊಣಕಾಲು ನೀವಿಕೊಂಡ. "ನನಗೂ ದಿನಾ ಬಿದ್ದು ಬಿದ್ದು ಸಾಕಾಗ್ಯಾದ. ಬದುಕ್ತೀನಿ ಬಿಡು" ಎಂದ. ಆಮೇಲೆ ಗಂಭೀರವಾಗಿ, "ಆಕಿಗಿ ಬಾ ಅಂತ ಹೇಳು. ಆಕಿ ಇದ್ರ ನನಗ ಧೈರ್ಯ" ಎಂದ.

ಮಾನ್ವಿಯಲ್ಲಿ ಕರಪತ್ರದ ಮೇಲಿನ ಹಳೇ ಹೆಸರನ್ನು ಹೊಡೆದುಹಾಕಿ, ಕೈಯಿಂದಲೇ 'ಬದುಕಿ ಬಂದವರು' ಎಂದು ಬರೆದು ಹಂಚಿದೆವು. ಸುಶೀಲೆ ಬಾಗಿಲು ಬಡಿದಳು. ಪರದೆ ಬಿತ್ತು. ಒಂದು ಚಪ್ಪಾಳೆಯೂ ಇಲ್ಲ. ನಾವು ಪರದೆ ಎತ್ತಿ ಕೈಮುಗಿಯುವಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ "ಥೂ" ಎಂದ. ಚಪ್ಪಲಿಯೊಂದು ಹಾರಿಬಂದು ನರಸಪ್ಪನ ಹುಬ್ಬಿಗೆ ತಾಗಿತು. ರಕ್ತ ಬಂತು. ನಾನು ಪರದೆಯ ಹಗ್ಗಕ್ಕೆ ಕೈಹಾಕಿದ್ದೆ.

ಅಷ್ಟರಲ್ಲಿ ಆಕೆ ರಂಗದ ಹಿಂದಿನಿಂದ ಬಂದಳು. ಚಪ್ಪಲಿ ಎತ್ತಿಕೊಂಡು, ಸೆರಗಿನಿಂದ ಧೂಳು ಒರೆಸಿ, ಕೆಳಗಿಳಿದು ಹೋಗಿ ಎಸೆದವನ ಕಾಲ ಹತ್ತಿರ ಇಟ್ಟಳು.

"ಮೆಟ್ಟಿಕೊಳ್ರಿ ಯಪ್ಪಾ. ಬರಿಗಾಲಾಗ ಹೋಗಬ್ಯಾಡ್ರಿ, ದಾರ್ಯಾಗ ಮುಳ್ಳು ಬಾಳ ಅದಾವ. ನಾವು ಹಂಗ ನಡದು ಬಂದೀವಿ, ನಮಗ ಗೊತ್ತದ."

ಎತ್ತರದ ದನಿಯಲ್ಲ, ಆದರೆ ಕಡೆಯ ಸಾಲಿನವರೆಗೂ ಕೇಳಿಸಿತು. 'ನಾವು' ಎಂದಾಗ ಹೆಂಗಸರ ಕಡೆ ಏನೋ ಅಲುಗಿದಂತಾಯಿತು. ಆ ಮನುಷ್ಯ ಚಪ್ಪಲಿ ಮೆಟ್ಟಿಕೊಳ್ಳಲೂ ಆಗದೆ, ಬಿಟ್ಟು ಹೋಗಲೂ ಆಗದೆ ತಲೆ ತಗ್ಗಿಸಿ ಕೂತ.

ಮರುದಿನ ಬೆಳಿಗ್ಗೆ ನಾವು ಇಳಿದುಕೊಂಡಿದ್ದ ಛತ್ರಕ್ಕೆ ಪೋತ್ನಾಳದ ಒಬ್ಬ ಮುದುಕ ಬಂದ. ಹೊಲದ ಧೂಳು ಇನ್ನೂ ಕಾಲಿಗಿತ್ತು. "ಚಪ್ಪಲಿ ಕೊಟ್ಟಾಕಿ ಎಲ್ಲದಾಳ್ರಿ?" ಎಂದು ಕೇಳಿದ. ಅವನ ಮಗಳು ಬದುಕಿ ಬಂದು ವರ್ಷವಾಗುತ್ತ ಬಂದಿತ್ತು, ಆ ಊರಿನ ಬಾಯಿಗೆ ಅಂಜಿ ಅವಳನ್ನು ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದರು. "ಒಳಗ ಕರೀಬೇಕಂತ ದಿನಾ ಎದ್ದು ಹೋಗ್ತೀನಿ ಯವ್ವಾ. ಬಾಯಿ ಬರಂಗಿಲ್ಲ" ಎಂದು ಆಕೆಯ ಮುಂದೆ ಅತ್ತ. ಆಕೆ ಕೇಳಿದ್ದು ಒಂದೇ ಮಾತು: "ಆಕಿ ಉಂಡಾಳೇನು ಇವತ್ತು?" ನಾವು ರಾಯಚೂರಿನ ದಾರಿ ಹಿಡಿದರೆ ಆಕೆ ಆ ಮುದುಕನ ಬಂಡಿ ಹತ್ತಿದಳು. ಎರಡು ದಿನ ಬಿಟ್ಟು ಬಂದಾಗ, ಏನಾಯಿತು ಎಂದೆ. "ಕೈ ಹಿಡಿದು ಹೊಸ್ತಿಲಾ ದಾಟಿಸಿ ಅಡಿಗಿ ಮನ್ಯಾಗ ಕುಂದರಿಸಿ ಬಂದೆ. ಹಿಟ್ಟು ನಾದಾಕ ಹಚ್ಚೀನಿ. ಇನ್ನ ಯಾರು ಎಬ್ಬಸ್ತಾರ ಎಬ್ಬಸ್ಲಿ" ಎಂದಳು.

ಅವತ್ತಿನಿಂದ ನನ್ನ ಬಾಯಲ್ಲಿ 'ಏನಬೇ' ಹೋಗಿ "ಬರ್ರಿ ಅಕ್ಕ" ಬಂತು. ನಾನು ಯೋಚಿಸಿ ಬದಲಿಸಿದ್ದಲ್ಲ.

ವಕೀಲರಿಗೆ ಸುದ್ದಿ ಮುಟ್ಟಿತು. ಸಂಘಕ್ಕೂ ತಮಗೂ ಸಂಬಂಧವಿಲ್ಲ ಎಂದರು. ನನ್ನ ನೌಕರಿ ಆ ವರ್ಷ ಕಾಯಂ ಆಗಲಿಲ್ಲ. ಅಂಗಡಿಯವರಿಬ್ಬರೂ ಬಿಟ್ಟುಹೋದರು. ನರಸಪ್ಪನ ಹುಬ್ಬು ಬಾತು ಕಣ್ಣೇ ಮುಚ್ಚಿತ್ತು. ದೇವದುರ್ಗದ ಆಟಕ್ಕೆ ನಾಲ್ಕು ದಿನ ಉಳಿದಿದ್ದವು. ಸುಶೀಲೆ ಇಲ್ಲ, ನಾಟಕ ಬಿಡೋಣ ಎಂದೆ.

"ನಾನ ಮಾಡ್ತೀನಿ" ಎಂದಳು ಅಕ್ಕ.

ಸಂಸಾರಸ್ಥ ಹೆಂಗಸು ರಂಗ ಹತ್ತುವುದೆಂದರೆ ಆ ಕಾಲಕ್ಕೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಅದರ ಮೇಲೆ ದೇವದುರ್ಗ ಆಕೆಯ ಗಂಡನ ಊರು. "ಅಲ್ಲಿ ನಿಮ್ಮ ಮಂದಿ ಇರ್ತಾರ ಅಕ್ಕ" ಎಂದೆ.

"ಇರ್ಲಿ. ಅವರ ನೋಡ್ಬೇಕು. ನಿಮ್ಮ ಮಾತು ಮಾತ್ರ ನಾ ಬಾಯಿಪಾಠ ಮಾಡಂಗಿಲ್ಲ."

ದೇವದುರ್ಗದ ಸಂತೆಯ ಬಯಲಲ್ಲಿ ಮಧ್ಯಾಹ್ನವೇ ಆಟ ಶುರುವಾಯಿತು. ಬೀಸುಕಲ್ಲು ಯಾರದೋ ಮನೆಯಿಂದ ತಂದದ್ದು, ನಿಜವಾದದ್ದು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಊರಿನ ದೊಡ್ಡವರು. ಅವರ ನಡುವೆ ಬಿಳಿ ಟೊಪ್ಪಿಗೆ, ಹಣೆಗೆ ವಿಭೂತಿ ಹಚ್ಚಿದ ಒಬ್ಬರು. ಹಿಂದೆ ಬೇವಿನ ಮರದ ಕೆಳಗೆ ಆಕೆಯ ಮಾವ ಮತ್ತು ಗಂಡ ನಿಂತಿರುವುದನ್ನು ಯಾರೋ ತೋರಿಸಿದರು.

ಅಕ್ಕ ಬಣ್ಣ ಹಚ್ಚಲಿಲ್ಲ. ಕಲ್ಲಿನ ಮುಂದೆ ಒಂದು ಕಾಲು ಚಾಚಿ ಕೂತು, ಒಂದು ಹಿಡಿ ಜೋಳ ಹಾಕಿ ಬೀಸತೊಡಗಿದಳು. ಬೀಸುತ್ತಲೇ ಮಾತು. ಮೊದಲ ಮೂರು ದಿನ ಬಿಟ್ಟು ನಾಲ್ಕನೇ ದಿನದಿಂದ. ಕೇರುಬೀಜ, ಬೊಬ್ಬೆ, ಉರಿ, ಗೋಡೆ.

"ಕೀಲಿ ನಮ್ಮ ಕಡೇವರ ಕೈಯಾಗ ಇತ್ರಿ" ಎಂದಳು. "ದಿನಾ ಮುಂಜಾನಿ ಬಂದು ಬಾಗಿಲಾ ಎಳದು ನೋಡಿ ಹೋಗ್ತಿದ್ರು. ನಾವು 'ಎಪ್ಪಾ' ಅಂತ ಕರದ್ರ ಹೊಳ್ಳಿ ನೋಡ್ತಿರಲಿಲ್ಲ."

ಬಿಳಿ ಟೊಪ್ಪಿಗೆಯವರು ಥಟ್ಟನೆ ಎದ್ದರು. "ಬಂದ್ ಮಾಡ್ರಿ ಈ ಆಟ! ಮರ್ಯಾದಸ್ತರ ಮ್ಯಾಲ ಸುಳ್ಳ ಹೇಳಾಕತ್ಯಾಳ ಈಕಿ!"

ಅಕ್ಕ ಬೀಸುವುದನ್ನು ನಿಲ್ಲಿಸಲಿಲ್ಲ. "ಕೂಡ್ರಿ ಸಾವುಕಾರ" ಎಂದಳು. "ನಾ ಯಾರ ಹೆಸರೂ ಹೇಳಿಲ್ಲ. ನೀವ್ಯಾಕ ಎದ್ರಿ?"

ಬಯಲೆಲ್ಲ ಆ ಮನುಷ್ಯನ ಕಡೆ ತಿರುಗಿತು. ಅವರು ಕೂಡಲು ನೋಡಿದರು. ಪಕ್ಕದ ಕುರ್ಚಿಯವರು ಯಾಕೋ ತಮ್ಮ ಕುರ್ಚಿಯನ್ನು ಆಚೆ ಸರಿಸಿಕೊಂಡರು. ಕೊನೆಗೆ ಧೋತರದ ಚುಂಗು ಹಿಡಿದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದರು.

ಆ ಗದ್ದಲದಲ್ಲೇ ಹೆಂಗಸರ ಕಡೆಯಿಂದ ಒಬ್ಬಳು ಎದ್ದು ರಂಗದ ಹತ್ತಿರ ಬಂದಳು. ತಲೆಯ ಮೇಲೆ ಸೆರಗು, ಕೊರಳ ಮೇಲೆ ಅಂಥವೇ ಕಪ್ಪು ಕಲೆಗಳು. ಯಾರೂ ಕರೆದಿರಲಿಲ್ಲ. ಗಲಾಟೆಯಲ್ಲಿ ಒಮ್ಮೆ, ಸೇಡಿನಲ್ಲಿ ಒಮ್ಮೆ, ಎರಡು ಸಲ ಮನೆ ಕಳೆದುಕೊಂಡ ಮಾಬುಬಿ ಅವಳು. ಮೇಲೆ ಹತ್ತಿ, ಕಲ್ಲಿನ ಆಚೆ ಬದಿಗೆ ಕೂತು ಗೂಟಕ್ಕೆ ಕೈ ಕೊಟ್ಟಳು. ಅಕ್ಕನ ಮಾತು ಅಲ್ಲಿಗೆ ನಿಂತಿತು. ಇಬ್ಬರೂ ಹಾಕಿದ ಜೋಳ ಮುಗಿಯುವವರೆಗೆ ಬೀಸಿದರು. ಅಷ್ಟು ಹೊತ್ತು ಆ ಬಯಲಲ್ಲಿ ಕಲ್ಲಿನ ಸದ್ದು ಒಂದೇ. ನಾನು ಬರೆದ ಕೊನೆಯ ಮಾತನ್ನು ಯಾರೂ ಆಡಲಿಲ್ಲ. ಅದು ಬೇಕಾಗಿಯೂ ಇರಲಿಲ್ಲ.

ಮರುದಿನ ಬಂಡಿಗೆ ಸಾಮಾನು ಹೇರುತ್ತಿದ್ದಾಗ ಊರಿನ ನಾಲ್ಕು ಹಿರಿಯರು ಬಂದರು. ಹಿಂದೆ ಆಕೆಯ ಮಾವ, ಅವನ ಹಿಂದೆ ಗಂಡ. ನಿನ್ನೆಯ ಆಟ ನೋಡಿ ಊರು ಮೆತ್ತಗಾಗಿತ್ತು. ಹಿರಿಯರು ನಯವಾಗಿಯೇ ಹೇಳಿದರು:

"ನೋಡವ್ವ, ಆದದ್ದು ಆತು. ನಿನ್ನ ತಿರುಗಿ ಮನಿಗಿ ತುಂಬಿಸ್ಕೊಳ್ಳಾಕ ನಿಮ್ಮ ಮಾವ ಒಪ್ಪ್ಯಾನ. ಒಂದು ಶುದ್ಧಿ ಮಾಡಬೇಕು ಅಷ್ಟ. ತಲಿಮ್ಯಾಲ ನೀರು, ನಾಲಿಗಿಗಿ ಕಾಸಿದ ಬಂಗಾರ. ಆಮ್ಯಾಲ ಯಾರೂ ಏನೂ ಅನ್ನಂಗಿಲ್ಲ."

ಅಕ್ಕ ಗಂಟನ್ನು ಬಂಡಿಯಲ್ಲಿಟ್ಟು ತಿರುಗಿದಳು. ಸಿಟ್ಟು ಮಾಡಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೇಳಿದಳು.

"ನಿಮ್ಮ ಮನಿ ಬಾಣಂತೇರ ಬಟ್ಟಿ ನಾ ಒಗದೀನಿ. ಸತ್ತವರ ಹಾಸಿಗಿ ಒಗದೀನಿ. ಈ ಊರಾಗ ಯಾವ ಮನಿ ಮೈಲಿಗಿ ನನ್ನ ಕೈಯಾಗ ಹಾದಿಲ್ಲ ಹೇಳ್ರಿ. ಈಗ ನೀವು ನನ್ನ ತೊಳೀತೀರೇನು?"

ಬಂಡಿ ಹತ್ತಿ ಕೂತಳು. ಬಂಡಿ ಹೊರಟಿತು. ಊರ ಕಡೆಯ ಮನೆ ದಾಟಿದ ಮೇಲೆ ಗಂಡ ಓಡಿಬಂದು ಬಂಡಿಯ ಜೊತೆಜೊತೆಗೆ ನಡೆಯತೊಡಗಿದ. ಅವನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. "ಮತ್ತ ನಾ ಏನು ಮಾಡ್ಲಿ?" ಎಂದ.

"ಬರಬೇಕಂತ ಅನಿಸಿದ್ರ ರಾಯಚೂರಿಗಿ ಬಾ" ಎಂದಳು ಅಕ್ಕ. "ಕೆರಿ ದಂಡ್ಯಾಗ ಇನ್ನೊಂದು ಕಲ್ಲು ಖಾಲಿ ಅದ. ದುಡದು ತಿನ್ನು."

ಬಂದ. ಬೇಸಿಗೆ ಮುಗಿಯುವ ಹೊತ್ತಿಗೆ ಬಂದು ಆಕೆಯ ಪಕ್ಕದ ಕಲ್ಲಿನಲ್ಲಿ ಬಟ್ಟೆ ಒಗೆಯತೊಡಗಿದ. ಮಲಗುವುದು ಮಾತ್ರ ಗುಡಿಸಲಿನ ಹೊರಗೆ. ವಾರಗಳು ಕಳೆದವು. ಪಾಪ, ಒಳಗೆ ಕರೆಯಬಾರದೇ ಎಂದು ಒಂದು ದಿನ ನಾನೇ ಕೇಳಿದೆ. ಅಕ್ಕ ಹಿಂಡಿದ ಧೋತರವನ್ನು ಜಾಡಿಸಿ ಹಗ್ಗಕ್ಕೆ ಹಾಕಿ, ಅದರ ಸುಕ್ಕು ಎಳೆಯುತ್ತ ಹೇಳಿದಳು:

"ಕರೀತೀನಿ, ಕರೀತೀನಿ. ಕಾಯಲಿ ಸ್ವಲ್ಪ. ಹೊರಗ ಕುಂತು ಕಾಯೋದಂದ್ರ ಏನಂತ ಗಂಡಸರಿಗೂ ಒಂದೀಟು ಗೊತ್ತಾಗ್ಲಿ."